ಕೈಕುಲುಕುವ ಚಿತ್ರದ ಚೀಲ

ಸರ್ಕಾರಿ ಶಾಲೆಯಲ್ಲಿ ಓದಿ ಈಗ ಐವತ್ತೈದು ದಾಟಿದವರ ಮುಂದೆ ‘ಕೇರ್ ಉಪ್ಪಿಟ್ಟು’ ಅಂದು ನೋಡಿ, ಮುಖ ಅರಳುತ್ತದೆ. ಕೆಲವರಿಗೆ ಅದು ಅಮೆರಿಕಾ ಉಪ್ಪಿಟ್ಟು, ಕರಾವಳಿಯವರಿಗೆ ಸಜ್ಜಿಗೆ. ಗೋಧಿ ನುಚ್ಚು, ಡಬ್ಬದ ಎಣ್ಣೆ, ಒಂದಿಷ್ಟು ಸಾಸಿವೆ. ಈರುಳ್ಳಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸೌದೆ ಮಾತ್ರ ನಮ್ಮದು. ಸ್ಲೇಟಿನ ಜೊತೆ ಮನೆಯಿಂದ ಒಂದೊಂದು ಕಟ್ಟಿಗೆ ತರಬೇಕಿತ್ತು, ಮರೆತು ಬಂದವರು ಬೇಲಿ ಕೀಳುತ್ತಿದ್ದರು. ಮಗ್ಗಿ ಹೇಳುವ ಹೊತ್ತಿಗೆ ಸರಿಯಾಗಿ ಶಾಲೆಯ ಹಿಂದಿನ ಮೂರು ಕಲ್ಲಿನ ಒಲೆಯಿಂದ ಆ ಎಣ್ಣೆಯ ವಾಸನೆ ಏಳುತ್ತಿತ್ತು. ಕಡಲೆಕಾಯಿ ಎಣ್ಣೆಗೆ ಒಗ್ಗಿದ ಮೂಗಿಗೆ ಅದು ಪರದೇಶಿ ವಾಸನೆಯೇ. ಆದರೂ ಹದಿಮೂರರ ಮಗ್ಗಿ ತಪ್ಪುತ್ತಿದ್ದದ್ದು ಅಲ್ಲೇ. ಇನ್ನು ಹಾಲಿನ ಪುಡಿಯನ್ನು ಕದ್ದು ಅಂಗೈಯಲ್ಲಿಟ್ಟು ನೆಕ್ಕಿದರೆ ಅಂಗುಳಿಗೆ ಅಂಟಿಕೊಂಡು ಬಾಯಿ ಬಿಡಲಾಗುತ್ತಿರಲಿಲ್ಲ. ಯಾರು ಕದ್ದರೆಂದು ಮೇಷ್ಟ್ರು ವಿಚಾರಣೆ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಚೀಲದ ಮೇಲೆ ಕೈಕುಲುಕುವ ಎರಡು ಹಸ್ತಗಳ ಚಿತ್ರ, ಕೆಳಗೆ ಇದು ಅಮೆರಿಕದ ಜನ ಕೊಟ್ಟದ್ದು, ಮಾರಕೂಡದು ಎಂಬ ಅರ್ಥದ ಇಂಗ್ಲಿಷ್ ಬರಹ. ಊರಿನಲ್ಲಿ ಅದನ್ನು ಓದಬಲ್ಲವರು ಮೇಷ್ಟ್ರು ಮತ್ತು ಪೋಸ್ಟ್ ಮಾಸ್ತರು ಇಬ್ಬರೇ. ಖಾಲಿ ಚೀಲ ಯಾರದೋ ಮನೆಯ ತಲೆದಿಂಬಾಗುತ್ತಿತ್ತು, ಎಣ್ಣೆ ಡಬ್ಬ ಬಚ್ಚಲಿಗೆ ಹೋಗುತ್ತಿತ್ತು ಅಥವಾ ತುಳಸಿ ಗಿಡಕ್ಕೆ ಕುಂಡವಾಗುತ್ತಿತ್ತು. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ನಾವು ಕೇಳಲಿಲ್ಲ. ಕೊಟ್ಟವರೂ ನಮ್ಮನ್ನು ಏನೂ ಕೇಳಿರಲಿಲ್ಲ ಎಂಬುದು ಈಗ ಹೊಳೆಯುತ್ತದೆ.

ಆ ಉಪ್ಪಿಟ್ಟಿಗೆ ಹೆಸರು ಕೊಟ್ಟ ಕೇರ್ ಸಂಸ್ಥೆ ಹುಟ್ಟಿದ್ದು 1945ರ ನವೆಂಬರಿನಲ್ಲಿ, ಯುದ್ಧದಲ್ಲಿ ನುಚ್ಚುನೂರಾದ ಯುರೋಪಿಗಾಗಿ. ಸಾಧಾರಣ ಅಮೆರಿಕನ್ ಮನೆಯವರು ಹತ್ತು ಡಾಲರ್ ಕಟ್ಟಿದರೆ ಸಮುದ್ರದಾಚೆಯ ಒಂದು ಮನೆಗೆ ಆಹಾರದ ಪೊಟ್ಟಣ ತಲುಪುತ್ತಿತ್ತು. ಮೊದಲ ಪೊಟ್ಟಣಗಳು 1946ರ ಮೇ ತಿಂಗಳಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಬಂದವು. ಅದೇ ವರ್ಷ ಜರ್ಮನಿಗೂ ಹೋದವು. ಒಂದೇ ವರ್ಷದ ಹಿಂದೆ ಯಾರ ಗುಂಡಿಗೆ ತಮ್ಮ ಮಕ್ಕಳು ಬಿದ್ದಿದ್ದರೋ ಅವರ ಮನೆಗೇ ಬೆಣ್ಣೆ, ಮಾಂಸ, ಸಕ್ಕರೆ! ನನಗೆ ಆ ಕಾಲದ ಎಲ್ಲ ಭಾಷಣ, ಒಪ್ಪಂದಗಳಿಗಿಂತ ಈ ಒಂದು ಸಂಗತಿ ದೊಡ್ಡದು.

ಹಾಗೆಂದು ಆ ಗೋಧಿಯೆಲ್ಲ ಗಂಗಾಜಲದಲ್ಲಿ ತೊಳೆದು ಬಂದದ್ದೇನಲ್ಲ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಸಹಿ ಹಾಕಿದ, ಆ ಗೋಧಿಯನ್ನು ಇಲ್ಲಿಗೆ ತಂದ ಪಿ.ಎಲ್. 480 ಕಾಯ್ದೆಯ ಹಿಂದೆ ಅಲ್ಲಿನ ರೈತರ ಕಣಜದಲ್ಲಿ ಕೊಳೆಯುತ್ತಿದ್ದ ಹೆಚ್ಚುವರಿ ಬೆಳೆಯೂ ಇತ್ತು, ಕಮ್ಯುನಿಸಮ್ಮಿನ ಭಯವೂ ಇತ್ತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದಾಗ ಅಧ್ಯಕ್ಷ ಜಾನ್ಸನ್ ಹಗ್ಗ ಬಿಗಿ ಹಿಡಿದು ತಿಂಗಳ ಲೆಕ್ಕದಲ್ಲಿ ಗೋಧಿ ಬಿಟ್ಟರು. ಬಿಹಾರದಲ್ಲಿ ಬರ ಬಿದ್ದಿದ್ದಾಗಲೂ ನಾವು ಹಡಗಿನ ದಾರಿ ಕಾಯಬೇಕಾಯಿತು. ಅದಕ್ಕೂ ಮೊದಲೇ, 1965ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡಿದ್ದರು. ಸೋಮವಾರ ರಾತ್ರಿ ಒಲೆ ಹಚ್ಚದ ಮನೆಗಳಿದ್ದವು. ಕಾಂಗ್ರೆಸ್ ಗಿಡವೂ ಅದೇ ಗೋಧಿಯ ಜೊತೆ ಬಂತೆಂದು ನಮ್ಮ ರೈತರು ಇವತ್ತಿಗೂ ಶಪಿಸುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಮನಸ್ಸು ಆ ಕಾಲಕ್ಕೆ ಹೋಗುವುದು ಅದರೊಳಗೆ ಓಡಾಡುತ್ತಿದ್ದ ಕೆಲವರಿಂದಾಗಿ. ಲಿಲಿಯನ್ ಕಾರ್ಟರ್ ಅವರನ್ನೇ ನೋಡಿ. ಜಾರ್ಜಿಯಾದ ಒಂದು ಸಣ್ಣ ಊರಿನ ವಿಧವೆ, ನರ್ಸ್. 1966ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಮೊಮ್ಮಕ್ಕಳನ್ನು ಆಡಿಸುತ್ತ ಕೂರುವ ಬದಲು ಅಮೆರಿಕ ಸರ್ಕಾರದ ಸ್ವಯಂಸೇವಕರ ದಳವಾದ ಪೀಸ್ ಕೋರ್ ಸೇರಿ ಬೊಂಬಾಯಿಯ ವಿಕ್ರೋಲಿಗೆ ಬಂದರು. ಗೋದ್ರೇಜ್ ಕಾಲೊನಿಯ ದವಾಖಾನೆಯಲ್ಲಿ ಕೆಲಸ. ಬರುತ್ತಿದ್ದವರಲ್ಲಿ ಕುಷ್ಠರೋಗಿಗಳೂ ಇದ್ದರು. ಆಗಿನ ವಿಕ್ರೋಲಿಯ ಸೆಕೆ, ನೊಣ, ಮಳೆಗಾಲದ ಕೆಸರು ನೆನೆಸಿಕೊಂಡರೆ ಆ ವಯಸ್ಸಿನಲ್ಲಿ ಹೇಗಪ್ಪ ಎನಿಸುತ್ತದೆ. ಮನೆಗೆ ಬರೆದ ಕಾಗದಗಳು ಮುಂದೆ ಪುಸ್ತಕವಾದವು. 1968ರಲ್ಲಿ ವಾಪಸಾದರು, ಎಂಟು ವರ್ಷಗಳ ಮೇಲೆ ಮಗ ಜಿಮ್ಮಿ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದರು. ಆ ವರ್ಷವೇ, 1976ರಲ್ಲಿ, ಪೀಸ್ ಕೋರ್ ಭಾರತದಿಂದ ಕಾಲ್ತೆಗೆಯಿತು. ನಮ್ಮ ಮೈಸೂರು ರಾಜ್ಯಕ್ಕೂ ಅದರ ಹುಡುಗರು ಬಂದಿದ್ದರು, ಕೋಳಿ ಸಾಕಣೆ ಕಲಿಸುತ್ತೇವೆಂದು. ಕಲಿಸಿದ್ದೆಷ್ಟೋ, ಹಳ್ಳಿಯ ಜಗಲಿಯ ಮೇಲೆ ಕೂತು ರಾಗಿ ಮುದ್ದೆ ನುಂಗಲು ಒದ್ದಾಡಿ, ಜನರನ್ನು ನಗಿಸಿ, ಒಡಕು ಕನ್ನಡದಲ್ಲಿ ಮಾತಾಡಿ ಹೋದರು. ಬಡವನ ಮನೆಯಲ್ಲಿ ಉಂಡವನು ಬಡವನ ಬಗ್ಗೆ ಬೇರೆ ಥರ ವರದಿ ಬರೆಯುತ್ತಾನೆ.

ಆಮೇಲೆ ವರದಿಯೇ ಮುಖ್ಯವಾಯಿತು. ಅರವತ್ತರ ದಶಕದ ಕೊನೆಗೆ ಅಮೆರಿಕ ಸರ್ಕಾರದ ನೆರವಿನ ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪಿಸಿದ ಲಾಗ್‌ಫ್ರೇಮ್ ಎಂಬ ಚೌಕಟ್ಟು ಕ್ರಮೇಣ ಜಗತ್ತಿನ ಎಲ್ಲ ನೆರವಿನ ಕಚೇರಿಗಳಿಗೂ ಹಬ್ಬಿತು. ಗುರಿ, ಉದ್ದೇಶ, ಸೂಚ್ಯಂಕ, ಸಾಕ್ಷ್ಯ ಎಂದು ಮನೆಮನೆಯಾಗಿ ತುಂಬಬೇಕು. ಲೆಕ್ಕ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ, ನಮ್ಮ ದೇಶದಲ್ಲಂತೂ ಹೇಳಲಾರೆ. ಆದರೆ ಎನ್‌ಜಿಒ ಗೆಳೆಯರೊಡನೆ ಹಳ್ಳಿಗಳಿಗೆ ಹೋದಾಗ ಕಂಡದ್ದು ಇದು: ಕಾರ್ಯಕರ್ತೆ ಮಹಿಳಾ ಸಂಘದ ಚಾಪೆಯ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ಒಬ್ಬಾಕೆ ಗಂಡ ಬಿಟ್ಟುಹೋದ ಸಂಗತಿ ಹೇಳಿಕೊಳ್ಳುತ್ತಿದ್ದಾಳೆ, ಇವಳ ಕಣ್ಣು ತುಂಬದೆ ಉಳಿದ ಹಾಳೆಯ ಮೇಲಿದೆ. ಅವಳನ್ನು ದೂರಿ ಫಲವಿಲ್ಲ. ಕ್ವಾರ್ಟರ್ ಮುಗಿಯುವುದರೊಳಗೆ ವರದಿ ಹೋಗದಿದ್ದರೆ ಸಂಬಳ ಬರುವುದಿಲ್ಲ.

ನಮಗೇನೋ ಆ ಉಪ್ಪಿಟ್ಟು ಈಗ ಬೇಡ. ಬೇಡಬಾರದು ಕೂಡ. 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದಿತು, ನಮ್ಮ ಅಕ್ಷರ ದಾಸೋಹವೂ ಬಂತು. ಅನ್ನ ಸಾರು ನಮ್ಮದೇ ತೆರಿಗೆಯದು. ಇದಕ್ಕಿಂತ ಒಳ್ಳೆಯದು ಏನಿದೆ? ಕಣ್ಮರೆಯಾಗುತ್ತಿರುವುದು ಬೇರೆ: ಗುರುತಿಲ್ಲದ, ನಮ್ಮವರಲ್ಲದ ಹಸಿದವರಿಗೆ ಹಸಿವೊಂದೇ ಕಾರಣವಾಗಿ ಕೊಡಬೇಕು ಎನ್ನುವ ಸಂಕೋಚವಿಲ್ಲದ ನಂಬಿಕೆ. ಸಿದ್ಧಗಂಗೆಯ ಪಂಕ್ತಿಯಲ್ಲಿ ಕೂತವರನ್ನು ನಿಮ್ಮಿಂದ ಮಠಕ್ಕೇನು ಲಾಭ ಎಂದು ಯಾರೂ ಕೇಳುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ನೆರವಿನ ಪ್ರತಿ ಡಾಲರಿಗೂ ಕೇಳಿಸಿದ್ದು ಅದನ್ನೇ: ಇದರಿಂದ ಅಮೆರಿಕ ಸುರಕ್ಷಿತವಾಗುತ್ತದೆಯೆ, ಬಲಿಷ್ಠವಾಗುತ್ತದೆಯೆ, ಶ್ರೀಮಂತವಾಗುತ್ತದೆಯೆ? ಕೆನಡಿ 1961ರಲ್ಲಿ ಕಟ್ಟಿದ ಯುಎಸ್‌ಏಡ್ 2025ರ ಜುಲೈ 1ಕ್ಕೆ ಮುಗಿಯಿತು. ರಾಷ್ಟ್ರೀಯ ಆದಾಯದ ಶೇ 0.7ರಷ್ಟು ನೆರವು ಕೊಡುವುದಾಗಿ ಕಾನೂನನ್ನೇ ಮಾಡಿದ್ದ ಬ್ರಿಟನ್ ಈಗ ಶೇ 0.3ಕ್ಕೆ ಇಳಿಯುವುದಾಗಿ ಹೇಳಿದೆ, ಉಳಿದದ್ದು ಸೈನ್ಯಕ್ಕೆ.

ಅದೇ ಜುಲೈನಲ್ಲಿ ದುಬೈನ ಗೋದಾಮಿನಲ್ಲಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತಿನ ಅವಧಿ ತೀರಿತು. ಅಫ್ಘಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆಂದು ಕೊಂಡದ್ದು. ಹಂಚಲು ಅನುಮತಿ ಕೊಡಬೇಕಾದವರು ಕೊಡಲಿಲ್ಲ, ಸುಡಲು ಆದೇಶವಾಯಿತು. ಸುಡುವುದಕ್ಕೇ 1,30,000 ಡಾಲರ್. ಸುಡಾನಿನಲ್ಲಿ ಯುದ್ಧದ ನಡುವೆ ಬೀದಿಯ ಜನರೇ ಕೂಡಿ ನಡೆಸುತ್ತಿದ್ದ ಸಾವಿರಕ್ಕೂ ಹೆಚ್ಚು ಗಂಜಿಕೇಂದ್ರಗಳು ಅಮೆರಿಕದ ಹಣ ನಿಂತ ಕೆಲವೇ ವಾರಗಳಲ್ಲಿ ಮುಚ್ಚಿದವು. ಅಲ್ಲಿ ಸೌಟು ಹಿಡಿದಿದ್ದ ಹುಡುಗ ಹುಡುಗಿಯರು ಮಾತ್ರ ಊರು ಬಿಟ್ಟಿಲ್ಲ. ಪರದೇಶದಲ್ಲಿ ದುಡಿಯುತ್ತಿರುವ ಸುಡಾನಿಗಳು ಕಳಿಸುವ ಹಣದಲ್ಲಿ ಆದಷ್ಟು ಮಂದಿಗೆ ಬೇಳೆ ಬೇಯಿಸಿ ಬಡಿಸುತ್ತಿದ್ದಾರೆ. ಸರದಿಯಲ್ಲಿ ನಿಂತವರನ್ನು ನೀನು ಯಾವ ಪಂಗಡ ಎಂದು ಅವರಿನ್ನೂ ಕೇಳಲು ಶುರುಮಾಡಿಲ್ಲ.