ನುಂಗಂಬಾಕ್ಕಂ ಮಳೆಗೊಂದು ಬೆಂಕಿಯ ಡಬ್ಬಿ

ಚೆನ್ನೈ ನೋಡದವರೂ ನುಂಗಂಬಾಕ್ಕಂ ಹೆಸರು ಕೇಳಿರುತ್ತಾರೆ. ಚಂಡಮಾರುತ ಬಂದಾಗಲೆಲ್ಲ ಟಿವಿಯವರು "ನುಂಗಂಬಾಕ್ಕಂನಲ್ಲಿ ಇಷ್ಟು ಸೆಂಟಿಮೀಟರ್, ಮೀನಂಬಾಕ್ಕಂನಲ್ಲಿ ಇಷ್ಟು" ಎಂದು ಓದುತ್ತಾರಲ್ಲ, ಅದೇ ಊರು. ಇಲ್ಲಿನ ಕಾಲೇಜು ರಸ್ತೆಯಲ್ಲಿ ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರವಿದೆ. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಖಗೋಳ ವೀಕ್ಷಣಾಲಯ ನೆಲೆಗೊಂಡದ್ದೂ ಇದೇ ಆವರಣದಲ್ಲಿ. ನಕ್ಷತ್ರ ನೋಡುವವರು 1899ರಲ್ಲಿ ಕೊಡೈಕನಾಲ್ ಬೆಟ್ಟ ಹತ್ತಿದರು, ಮಳೆ ಅಳೆಯುವವರು ಇಲ್ಲೇ ಉಳಿದರು. ನಮ್ಮ ಮನೆ ಅಲ್ಲಿಂದ ನಡೆದುಹೋಗುವಷ್ಟು ದೂರ.

ನಾನು ತೀರ್ಥಹಳ್ಳಿ ಕಡೆಯವನು. ನಮಗೆ ಮಳೆಗಾಲವೆಂದರೆ ಆಷಾಢ, ಶ್ರಾವಣ. ಇಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಡಿಸೆಂಬರ್‌ವರೆಗೆ ಎಳೆಯುತ್ತದೆ. ಊರಲ್ಲಿ ಮಳೆಗಾಲದ ತಯಾರಿಗೆ ಒಂದು ಕ್ರಮವಿತ್ತು: ಸೌದೆ ಒಳಗೆ ಸೇರಬೇಕು, ಅಡಿಕೆ ಸಿಪ್ಪೆ, ತೆಂಗಿನ ಗರಟ ಬಚ್ಚಲೊಲೆಯ ಪಕ್ಕ ಒಟ್ಟಬೇಕು, ಬೆಂಕಿಪೊಟ್ಟಣ ಒಲೆಯ ಮೇಲಿನ ಗೂಡಿನಲ್ಲಿ ಬೆಚ್ಚಗಿರಬೇಕು. ರಾತ್ರಿ ಅಜ್ಜಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ, ಊದುಕೊಳವೆಯಲ್ಲಿ ನಾಲ್ಕು ಸಲ ಊದಿದರೆ ಒಲೆ ಹತ್ತುತ್ತಿತ್ತು. ನಗರದ ನಮ್ಮ ತಯಾರಿಯೆಂದರೆ ಪವರ್‌ ಬ್ಯಾಂಕ್ ಚಾರ್ಜಿಗೆ ಹಾಕುವುದು, ಅಷ್ಟೇ.

2015ರ ನವೆಂಬರ್ ಒಂದೇ ತಿಂಗಳಲ್ಲಿ ನುಂಗಂಬಾಕ್ಕಂ ಮಾಪಕದಲ್ಲಿ ದಾಖಲಾದ ಮಳೆ 1,049 ಮಿಲಿಮೀಟರ್. ಬೆಂಗಳೂರಿಗೆ ಹೆಚ್ಚುಕಡಿಮೆ ಇಡೀ ವರ್ಷದಲ್ಲಿ ಬೀಳುವಷ್ಟು. ಡಿಸೆಂಬರ್ 1ರಂದು ಮತ್ತೆ ಸುರಿಯಿತು. ಅಡ್ಯಾರ್ ನದಿ ಉಕ್ಕಿತು, ವಿಮಾನ ನಿಲ್ದಾಣ ಮುಚ್ಚಿತು. ನೌಕರರು ಮುದ್ರಣಾಲಯ ತಲುಪಲಾಗದೆ ಡಿಸೆಂಬರ್ 2ರಂದು 'ದಿ ಹಿಂದೂ' ಪತ್ರಿಕೆ ಅಚ್ಚಾಗಲಿಲ್ಲ. 1878ರಿಂದ ನಡೆದು ಬಂದ ಪತ್ರಿಕೆಗೆ ಅಂಥ ದಿನ ಅದೇ ಮೊದಲು. ಮರುವರ್ಷ ಡಿಸೆಂಬರ್ 12ಕ್ಕೆ ವಾರ್ಧಾ ಚಂಡಮಾರುತ ಬಂದು ರಸ್ತೆ ರಸ್ತೆಯ ಮರಗಳನ್ನು ಕೆಡವಿತು.

ನನಗೆ ಬೆಂಕಿಯ ವಿಷಯ ಗಟ್ಟಿಯಾಗಿ ಮನಸ್ಸಿಗೆ ಬಂದದ್ದು 2023ರ ಡಿಸೆಂಬರ್ 4ರಂದು, ಮಿಚಾಂಗ್ ಚಂಡಮಾರುತದ ದಿನ. ಹೋದ ಕರೆಂಟು ನಮ್ಮ ಬೀದಿಗೆ ಬಂದದ್ದು ಮೂರನೇ ದಿನ. ನಮ್ಮ ಮಹಡಿಯಲ್ಲೇ ಒಬ್ಬರು ಪಾಟಿ ಇದ್ದಾರೆ, ಎಂಬತ್ತು ದಾಟಿದವರು, ಒಂಟಿ. ಗ್ಯಾಸ್ ಮರೆತು ಬಿಟ್ಟಾರೆಂದು ಮಗ ವಿದೇಶದಿಂದ ಬಂದಾಗ ಸ್ಟೋವ್ ತೆಗೆಸಿ ಇಂಡಕ್ಷನ್ ಒಲೆ ಹಾಕಿಸಿಕೊಟ್ಟಿದ್ದ. ಕತ್ತಲಲ್ಲಿ ಗೋಡೆ ಹಿಡಿದುಕೊಂಡು, ಕೈಯಲ್ಲಿ ಹಾಲಿನ ಪಾತ್ರೆಯೊಂದಿಗೆ ನಮ್ಮ ಬಾಗಿಲಿಗೆ ಬಂದು "ಅಡುಪ್ಪು ಎರಿಯುದಾ, ತಂಬಿ?" ಎಂದರು. ಒಲೆ ಉರಿಯುತ್ತಿದೆಯಾ ಅಂತ. ನಮ್ಮದು ಸಿಲಿಂಡರ್ ಸ್ಟೋವ್, ಲೈಟರ್ ಮಾತ್ರ ತೇವಕ್ಕೆ ಕಿಡಿ ಕೊಡುತ್ತಿರಲಿಲ್ಲ. ದೇವರ ಮನೆಯ ಬೆಂಕಿಪೊಟ್ಟಣ ಉಳಿಸಿತು. ಆ ಮೂರು ದಿನ ಮಹಡಿಯ ನಾಲ್ಕು ಮನೆಗಳ ಹಾಲು, ಗಂಜಿ, ಪಾಟಿಯ ಮಾತ್ರೆಗೆ ಬಿಸಿನೀರು ಎಲ್ಲವೂ ಆ ಒಂದು ಒಲೆಯ ಮೇಲೆ.

ಅಂದಿನಿಂದ ಮನೆಯಲ್ಲಿ ಒಂದು 'ಬೆಂಕಿಯ ಡಬ್ಬಿ' ಇದೆ. ಯೂಟ್ಯೂಬಿನ ಸರ್ವೈವಲ್ ವಿಡಿಯೋಗಳು ಹಿಮದ ಕಾಡಿನಲ್ಲಿ ಸಿಕ್ಕಿಬಿದ್ದವನಿಗೆ ಮಾಡಿದವು. ನಮಗೆ ಬೇಕಿರುವುದು ಮೂರನೇ ಮಹಡಿಯ ಅಡುಗೆಮನೆಯಲ್ಲಿ ಒದ್ದೆ ಗಾಳಿಯ ನಡುವೆ ಖಚಿತವಾಗಿ ಹತ್ತುವ ಒಂದು ಜ್ವಾಲೆ. ಅದಕ್ಕೆ ಬೇಕಾದ ಸಾಮಾನೆಲ್ಲ ನುಂಗಂಬಾಕ್ಕಂ ಹೈ ರೋಡಿನ ಹಿಂದಿನ ಗಲ್ಲಿಗಳಲ್ಲೇ ಸಿಗುತ್ತದೆ, ಒಂದನ್ನು ಬಿಟ್ಟು.

ಮೊದಲನೆಯದು ಬೆಂಕಿಪೊಟ್ಟಣ. ದಿನಸಿ ಅಂಗಡಿಯಲ್ಲಿ 'ತೀಪ್ಪೆಟ್ಟಿ' ಎಂದರೆ ಕೊಡುತ್ತಾರೆ. ದೇಶದ ಬೆಂಕಿಪೊಟ್ಟಣಗಳ ತವರೇ ತಮಿಳುನಾಡು. 1920ರ ದಶಕದ ಆರಂಭದಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಈ ಕಸುಬು ಕಲಿತು ಬಂದರು. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆ ಕಡ್ಡಿ ಒಣಗಿಸಲು ಹೇಳಿ ಮಾಡಿಸಿದಂತಿತ್ತು. ಈಗ ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿ ಅಲ್ಲದೆ ಗುಡಿಯಾತ್ತಂನಲ್ಲೂ ಈ ಉದ್ಯಮವಿದೆ. ಬೆಂಗಳೂರಿನ ರೈಲಿನಲ್ಲಿ ಕಾಟ್ಪಾಡಿ ದಾಟಿದ ಮೇಲೆ ಬರುವ ಊರು ಅದು. 14 ವರ್ಷ ಒಂದು ರೂಪಾಯಿಯಲ್ಲೇ ನಿಂತಿದ್ದ ಪೊಟ್ಟಣದ ಬೆಲೆ 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ ಆಯಿತು.

ಕಡ್ಡಿಯ ತಲೆಯಲ್ಲಿರುವುದು ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್, ಗಂಧಕ, ಅಂಟು. ಪೊಟ್ಟಣದ ಪಕ್ಕದ ಪಟ್ಟಿಯಲ್ಲಿರುವುದು ಕೆಂಪು ರಂಜಕ. ಎರಡೂ ಒಣಗಿರಬೇಕು. ಕಡ್ಡಿ ಚೆನ್ನಾಗಿದ್ದು ಪಟ್ಟಿ ನೆನೆದರೂ ಕೆಲಸ ಕೆಟ್ಟಿತು. ಹಾಗಾಗಿ ನಾನು ಇಪ್ಪತ್ತು ಕಡ್ಡಿಗಳ ತಲೆಯನ್ನು ಕರಗಿದ ಮೇಣದಲ್ಲಿ ಒಮ್ಮೆ ಅದ್ದಿ ಒಣಗಿಸಿದ್ದೇನೆ. ಗೀರುವ ಪಟ್ಟಿ ಎರಡನ್ನು ಕತ್ತರಿಸಿ, ಜೊತೆಗೆ ಬಿಗಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಹಾಕಿಟ್ಟಿದ್ದೇನೆ. ಗೀರುವ ಮೊದಲು ಮೇಣವನ್ನು ಉಗುರಿನಿಂದ ಕೆರೆದರೆ ಸಾಕು.

ಎರಡನೆಯದು ಸಿಗರೇಟ್ ಲೈಟರ್. 20 ರೂಪಾಯಿಗಿಂತ ಕಡಿಮೆ ಬೆಲೆಯ ಲೈಟರುಗಳ ಆಮದನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಷೇಧಿಸಿತು, ಬೆಂಕಿಪೊಟ್ಟಣದ ಊರುಗಳ ಒತ್ತಾಯ ಅದರ ಹಿಂದಿತ್ತು. ಸ್ವಲ್ಪ ಹೆಚ್ಚು ಕೊಟ್ಟು ಒಳ್ಳೆಯದನ್ನೇ ತೆಗೆದುಕೊಳ್ಳಿ. ಒಳಗಿನ ಅನಿಲ ಎಷ್ಟಿದೆಯೆಂದು ಕಾಣುವಂಥದ್ದು ಇರಲಿ.

ಮೂರನೆಯದು ಗಲ್ಲಿಯಲ್ಲಿ ಸಿಗದ, ಆನ್‌ಲೈನ್‌ನಲ್ಲಿ ತರಿಸಿದ ಫೆರೋ ಕಡ್ಡಿ. ನಮ್ಮ ಹಿರಿಯರ ಚಕಮಕಿ ಕಲ್ಲಿನ ಮೊಮ್ಮಗ ಎನ್ನಿ. ಉಕ್ಕಿನ ತುಂಡಿನಿಂದ ಕೆರೆದರೆ ಸುಮಾರು 3,000 ಡಿಗ್ರಿಯ ಕಿಡಿಗಳು ಉದುರುತ್ತವೆ. ನೀರಲ್ಲಿ ಬಿದ್ದರೂ ಒರೆಸಿಕೊಂಡು ಬಳಸಬಹುದು. ಇದರ ಕಥೆಯೂ ಈ ಕಡಲತೀರವನ್ನು ಮುಟ್ಟುತ್ತದೆ. ಗ್ಯಾಸ್ ದೀಪದ ಮ್ಯಾಂಟಲ್ ಕಂಡುಹಿಡಿದ ಆಸ್ಟ್ರಿಯಾದ ವೆಲ್ಸ್‌ಬಾಖ್, ಮ್ಯಾಂಟಲ್‌ಗೆ ಥೋರಿಯಂ ತೆಗೆದ ಮೇಲೆ ಉಳಿಯುತ್ತಿದ್ದ ಸೀರಿಯಂ ಬಳಸಿ 1903ರಲ್ಲಿ ಈ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದ. ಥೋರಿಯಂ, ಸೀರಿಯಂ ಎರಡೂ ಇರುವ ಮೊನಜೈಟ್ ಮರಳು ತಿರುವಾಂಕೂರಿನ ತೀರದಲ್ಲಿದೆಯೆಂದು 1909ರಲ್ಲಿ ಗೊತ್ತಾಯಿತು, ಅದೂ ಜರ್ಮನಿಗೆ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಿಂದ! ಆ ಮರಳು ತೆಗೆಯುವ ಮಣವಾಳಕುರಿಚ್ಚಿ ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ.

ಬರೀ ಕಿಡಿಯಿಂದ ಏನೂ ಆಗದು, ಹಿಡಿದುಕೊಳ್ಳಲು ಏನಾದರೂ ಬೇಕು. ನಾಟು ಮದ್ದಿನ ಅಂಗಡಿಯಿಂದ ಕರ್ಪೂರ ತನ್ನಿ. ನೀರಿನ ಮೇಲೆ ತೇಲಿಸಿದರೂ ಉರಿಯುವ ವಸ್ತು ಅದು. ತೆರೆದಿಟ್ಟರೆ ಮಾತ್ರ ತಾನೇ ಆವಿಯಾಗಿ ಮಾಯವಾಗುತ್ತದೆ, ಬಿಗಿ ಡಬ್ಬಿಯಲ್ಲಿಡಿ. ಹತ್ತಿಯ ಉಂಡೆಗೆ ವ್ಯಾಸಲೀನ್ ಸವರಿಟ್ಟುಕೊಂಡರೆ ಒಂದೊಂದೂ ಕೆಲವು ನಿಮಿಷ ಉರಿಯುತ್ತದೆ. ಹತ್ತಿಯನ್ನು ಸ್ವಲ್ಪ ಬಿಡಿಸಿದರೆ ಫೆರೋ ಕಿಡಿಯನ್ನೂ ಹಿಡಿಯುತ್ತದೆ. ಎಳನೀರು ಮಾರುವವರ ಗಾಡಿಯ ಬುಡದಲ್ಲಿ ಬಿದ್ದ ಒಣ ಸಿಪ್ಪೆಯ ನಾರು ಪುಕ್ಕಟೆ. ಅದನ್ನು ಕೈಯಲ್ಲಿ ಉಜ್ಜಿ ಹಕ್ಕಿಗೂಡಿನಂತೆ ಮಾಡುವುದನ್ನು ಮಗಳಿಗೆ ಕಲಿಸಿದೆ, ಬಚ್ಚಲೊಲೆ ನೋಡದ ಮಗುವಿಗೆ ಅದು ಹೊಸ ಆಟ.

ಎಲ್ಲವನ್ನೂ ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿಗೆ ಹಾಕಿ, ಟಾರ್ಚಿನ ಜೊತೆ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಒಲೆಯಿಂದ ದೂರ ಇಟ್ಟಿದ್ದೇವೆ. ಇಂಡಕ್ಷನ್ ಮಾತ್ರ ಇರುವವರು 5 ಕಿಲೋದ ಸಣ್ಣ ಸಿಲಿಂಡರ್, ಒಂದು ಬರ್ನರ್ ಸ್ಟೋವ್ ಇಟ್ಟುಕೊಳ್ಳುವುದು ಒಳ್ಳೆಯದು. ವಿಮಾನದಲ್ಲಿ ಊರಿಗೆ ಹೋಗುವಾಗ ಈ ಡಬ್ಬಿ ಮನೆಯಲ್ಲೇ ಇರಲಿ. ಬೆಂಕಿಪೊಟ್ಟಣ, ಲೈಟರ್ ಎರಡಕ್ಕೂ ನಮ್ಮ ವಿಮಾನಗಳಲ್ಲಿ ಕೈಚೀಲದಲ್ಲೂ ಜಾಗವಿಲ್ಲ, ದೊಡ್ಡ ಬ್ಯಾಗಿನಲ್ಲೂ ಇಲ್ಲ.

ಇನ್ನು ಬೆಂಕಿ ಹಚ್ಚಬಾರದ ಸಂದರ್ಭ. ನೀರು ನುಗ್ಗಿದ ಮನೆಗೆ ವಾಪಸಾದಾಗ ಮೊದಲು ಮೂಗಿಗೆ ಕೆಲಸ ಕೊಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂತಿರುತ್ತದೆ. ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೇಸ್‌ಮೆಂಟಿನ ನೀರಿನ ಮೇಲೆ ವಾಹನಗಳ ಪೆಟ್ರೋಲ್ ತೇಲುತ್ತಿರಬಹುದು. ಮಿಚಾಂಗ್ ಸಮಯದಲ್ಲಿ ಎಣ್ಣೂರಿನ ಅಳಿವೆಗೆ ಎಣ್ಣೆ ಹರಿದದ್ದನ್ನು ಇಡೀ ಚೆನ್ನೈ ನೋಡಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ. ಬೆಳಕಿಗೆ ಟಾರ್ಚ್ ಸಾಕು, ಮೇಣದಬತ್ತಿ ಬೇಡ. ಬೆಂಕಿ ಬಿಸಿ ಮಾಡುವುದಕ್ಕೆ ಮಾತ್ರ.

ವರ್ಷಕ್ಕೊಮ್ಮೆ ಡಬ್ಬಿ ತೆರೆದು ನೋಡಬೇಕು. ನಾವು ನವರಾತ್ರಿಯ ಆಯುಧಪೂಜೆಯಂದು ತೆರೆಯುತ್ತೇವೆ, ಮಳೆ ಜೋರಾಗುವ ಮುಂಚೆ. ಹಳೆಯ ಕರ್ಪೂರ ದೇವರಿಗೆ ಹೋಗುತ್ತದೆ, ಹೊಸದು ಡಬ್ಬಿಗೆ ಬರುತ್ತದೆ. ಒಂದು ಕಡ್ಡಿ ಗೀರಿ ಪರೀಕ್ಷಿಸುವ ಕೆಲಸ ಮಗಳದು, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಹೋದ ವರ್ಷ ಇಂಥದ್ದೇ ಇನ್ನೊಂದು ಡಬ್ಬಿ ಮಾಡಿ ಪಾಟಿಯ ಮನೆಗೆ ಕೊಡಲು ಹೋದೆ. ಅವರು ಮುಚ್ಚಳ ತೆರೆದು ಎಲ್ಲವನ್ನೂ ನೋಡಿ, ಫೆರೋ ಕಡ್ಡಿಯನ್ನು ಮಾತ್ರ ನನ್ನ ಕೈಗೆ ವಾಪಸ್ ಇಟ್ಟರು. ಅದು ನಿನ್ನ ಹತ್ತಿರವೇ ಇರಲಿ, ಬೇಕಾದಾಗ ಬಾಗಿಲು ತಟ್ಟುತ್ತೇನೆ ಎಂದರು.