ಎಣಿಕೆಗೆ ಸಿಗದ ಹದಿನೇಳು

ಹೋದ ವರ್ಷ ಕಿರುಪರೀಕ್ಷೆ ಮುಗಿದಾಗ ಎಂಟನೇ ತರಗತಿಯ 42 ಮಕ್ಕಳ ಅಂಕಪಟ್ಟಿಯನ್ನು ಮನೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸಿ ತಯಾರಿಸಿದೆ. ಆರು ವಿಷಯ, ಒಂದೊಂದಕ್ಕೆ 20 ಅಂಕ. ಕೂಡುವ ಕೆಲಸ ಯಂತ್ರದ್ದು. ಪಟ್ಟಿಗಳು ಮನೆಗಳಿಗೆ ಹೋಗಿ, ಪೋಷಕರ ಸಹಿಯೊಂದಿಗೆ ಮರಳಿಯೂ ಬಂದವು.

ಆಗ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ನಂಗೆ 99 ಬರಬೇಕು, 82 ಅಂತಿದೆ."

"ಕಂಪ್ಯೂಟರ್ ಮಾಡಿದ ಲೆಕ್ಕ ಕಣಮ್ಮಾ, ತಪ್ಪಾಗಲ್ಲ" ಎಂದುಬಿಟ್ಟೆ, ಇಡೀ ತರಗತಿಯ ಎದುರು. ಆಮೇಲೆ ಕೈಯಲ್ಲಿ ಕೂಡಿ ನೋಡಿದರೆ 99!

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ಎಂದ ಮಗ. ಈಗಿನ ಹುಡುಗರಿಗೆ ಎಲ್ಲ ಕಾಯಿಲೆಗೂ ಅದೊಂದೇ ಔಷಧ. ನಾನು ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳುವುದನ್ನೇ ಮಾಡಿದೆ: ಒಮ್ಮೆಗೆ ಒಂದನ್ನೇ ಬದಲಿಸುವುದು. ಅವಳ ಸಾಲಿನಲ್ಲಿ ಕನ್ನಡದ ಅಂಕ ಅಳಿಸಿದೆ, ಮೊತ್ತ ಇಳಿಯಿತು. ಅದನ್ನು ಮತ್ತೆ ತುಂಬಿ ಗಣಿತ ಅಳಿಸಿದೆ, ಇಳಿಯಿತು. ವಿಜ್ಞಾನದ 17 ಅಳಿಸಿದಾಗ ಮಾತ್ರ 82 ಕದಲಲಿಲ್ಲ. ನನ್ನದೇ ವಿಷಯ!

ಆ 17ರಲ್ಲಿ ಇದ್ದದ್ದು ಒಂದು ಅಲ್ಲ, ಇಂಗ್ಲಿಷಿನ ಸಣ್ಣ ಎಲ್ ಅಕ್ಷರ. ಹುಡುಗನಾಗಿದ್ದಾಗ ನಾನು ಟೈಪಿಂಗ್ ಕಲಿತ ಹಳೆಯ ಯಂತ್ರದಲ್ಲಿ ಒಂದರ ಕೀಲಿಯೇ ಇರಲಿಲ್ಲ, ಎಲ್ ಒತ್ತಬೇಕಿತ್ತು. ಅವಸರದಲ್ಲಿ ಬೆರಳು ಹಳೆಯ ಜಾಗಕ್ಕೇ ಹೋಗಿದೆ. ಅಕ್ಷರ ಬೆರೆತದ್ದನ್ನು ಎಕ್ಸೆಲ್ ಸಂಖ್ಯೆಯೆಂದು ಒಪ್ಪುವುದಿಲ್ಲ. ಕೂಡುವ 'ಸಮ್' ಸೂತ್ರ ಅದನ್ನು ಸದ್ದಿಲ್ಲದೆ ದಾಟಿಹೋಗುತ್ತದೆ. ಸಾಮಾನ್ಯವಾಗಿ ಸಂಖ್ಯೆ ಮನೆಯ ಬಲಕ್ಕೂ ಅಕ್ಷರ ಎಡಕ್ಕೂ ನಿಲ್ಲುವುದರಿಂದ ಕಳ್ಳ ಕಣ್ಣಿಗೆ ಬೀಳಬೇಕಿತ್ತು. ಆದರೆ ನಾನು ಅಂದಕ್ಕೆಂದು ಎಲ್ಲವನ್ನೂ ನಡುವಿಗೆ ತಂದಿದ್ದೆ!

ಸಂಖ್ಯೆಗಳನ್ನು ಮಾತ್ರ ಎಣಿಸುವ 'ಕೌಂಟ್' ಸೂತ್ರವನ್ನು ವಿಜ್ಞಾನದ ಕಾಲಮ್ಮಿಗೆ ಹಾಕಿದೆ. 39 ಎಂದಿತು. ಅಂದರೆ ಇನ್ನೂ ಇಬ್ಬರು.

ಮರುದಿನ ತರಗತಿಯಲ್ಲೇ ತಪ್ಪೊಪ್ಪಿಕೊಂಡು ಮೂವರಿಗೂ ತಿದ್ದಿದ ಪಟ್ಟಿ ಕೊಟ್ಟೆ. ಹಿಂದಿನ ಬೆಂಚಿನ ಹುಡುಗ ಅದನ್ನು ಎರಡೆರಡು ಸಲ ನೋಡಿಕೊಂಡ. ಹಳೆಯ ಪಟ್ಟಿಗೆ ಮನೆಯಲ್ಲಿ ಪೆಟ್ಟು ತಿಂದಿದ್ದನಂತೆ.

"ಮೊತ್ತ ತಪ್ಪಿದೆ ಅಂತ ನಿಂಗೆ ಗೊತ್ತಿರಲಿಲ್ವೇನೋ?"

"ಗೊತ್ತಿತ್ತು ಸಾರ್. ಅವಳಿಗೆ ನೀವು ಕಂಪ್ಯೂಟರ್ ಲೆಕ್ಕ ಅಂದ್ರಲ್ಲಾ, ಅದಕ್ಕೆ ಸುಮ್ನಾದೆ."