ಹಾಲೂಡುವ ತಾಯಿ ಮತ್ತು ದಾಯಕದೋಷ

ಮುನಿಗಳ ಆಹಾರವಿಧಿಯಲ್ಲಿ ದಾನ ಕೊಡುವವರ ಶುದ್ಧಿಗೆ ಎಷ್ಟು ಮಹತ್ವವಿದೆಯೆಂಬುದು ಶ್ರಾವಕ ಕುಟುಂಬಗಳಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ನೀರು ಸೋಸಿರಬೇಕು, ಉಟ್ಟ ಬಟ್ಟೆ ಮಡಿಯಾಗಿರಬೇಕು, ಮನ ವಚನ ಕಾಯಗಳು ಮೂರೂ ಶುದ್ಧವಾಗಿರಬೇಕು ಎಂದು ಹಿರಿಯರು ಮನೆಗೆ ಬಂದ ಸೊಸೆಯಂದಿರಿಗೆ ಮೊದಲ ಚಾತುರ್ಮಾಸದಲ್ಲಿಯೇ ಕಲಿಸುತ್ತಾರೆ. ಆದರೆ ಅದೇ ವಿಧಿಯಲ್ಲಿ ಅಷ್ಟಾಗಿ ಯಾರೂ ಕಲಿಸದ ಒಂದು ಮಾತಿದೆ. ವಟ್ಟಕೇರಾಚಾರ್ಯರ ಮೂಲಾಚಾರದ ಪಿಂಡಶುದ್ಧಿ ಅಧಿಕಾರವು ಆಹಾರದ 46 ದೋಷಗಳನ್ನು ವಿವರಿಸುವಾಗ, ದಾಯಕದೋಷವೆಂಬ ತಲೆಬರಹದಡಿಯಲ್ಲಿ ಯಾರ ಕೈಯಿಂದ ಆಹಾರ ಸಲ್ಲದೆಂಬ ಪಟ್ಟಿಯನ್ನು ಕೊಡುತ್ತದೆ. ಮೊಲೆಯುಣ್ಣುತ್ತಿರುವ ಮಗುವನ್ನು ಕೆಳಗಿಟ್ಟು ಎದ್ದುಬಂದವಳು ಆ ಪಟ್ಟಿಯಲ್ಲಿದ್ದಾಳೆ. ಶ್ವೇತಾಂಬರರ ದಶವೈಕಾಲಿಕದ ಪಿಂಡೈಷಣಾ ಅಧ್ಯಯನದಲ್ಲಿಯೂ ಇದೇ ನಿಷೇಧವುಂಟು. ಅಲ್ಲಿ ಕೆಳಗಿಟ್ಟ ಮಗು ಅಳುತ್ತಿದೆಯೆಂಬ ಮಾತೂ ಸೇರಿದೆ. ಬೇರೆ ಎಷ್ಟೋ ಆಚಾರಗಳಲ್ಲಿ ಭಿನ್ನವಾಗಿರುವ ಎರಡು ಪರಂಪರೆಗಳು ಒಂದು ಎಳೆಗೂಸಿನ ಹಸಿವಿನ ವಿಷಯದಲ್ಲಿ ಒಂದೇ ನಿರ್ಣಯಕ್ಕೆ ಬಂದಿರುವುದು ಗಮನಾರ್ಹವಾಗಿದೆ.

ಹುಬ್ಬಳ್ಳಿಯ ಒಂದು ಕಿರಾಣಿ ಸಗಟು ವ್ಯಾಪಾರದ ಮನೆಯಲ್ಲಿ ಈ ಮಾತು ಕೇವಲ ಗ್ರಂಥದ ಮಾತಾಗಿ ಉಳಿಯಲಿಲ್ಲ. ಆಷಾಢದಲ್ಲಿ ಆ ಮನೆಯ ಸೊಸೆ ಚೊಚ್ಚಲ ಹೆಣ್ಣುಮಗುವನ್ನು ಹೆತ್ತಳು. ತವರಿನಲ್ಲಿ ತಾಯಿ ಇಲ್ಲವಾದ್ದರಿಂದ ಬಾಣಂತನ ಗಂಡನ ಮನೆಯಲ್ಲಿಯೇ ನಡೆಯಬೇಕಾಯಿತು. ಅತ್ತೆಯವರು ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವರು. ಎಣ್ಣೆ ನೀರು, ಬಿಸಿಕಾವು, ಅಳವಿ ಪಾಯಸ, ಅಂಟಿನ ಉಂಡೆ, ಸಬ್ಬಸಿಗೆ ಸೊಪ್ಪಿನ ಪಲ್ಯ, ಒಣಶುಂಠಿಯ ಪುಡಿ ಯಾವುದರಲ್ಲಿಯೂ ಕೊರತೆ ಮಾಡಲಿಲ್ಲ. ಬೆಳ್ಳುಳ್ಳಿ ತಿನ್ನದ ಬಾಣಂತಿಗೆ ಹಾಲು ಬರುವುದಾದರೂ ಹೇಗೆಂದು ಓಣಿಯ ಹೆಂಗಸರು ಕೇಳಿದಾಗ, “ನಮ್ಮ ಮನ್ಯಾಗ ನಾಲ್ಕು ಕೂಸು ಹೆಂಗ ಬೆಳದಾವು ಮತ್ತ?” ಎಂದು ಅವರ ಬಾಯಿ ಮುಚ್ಚಿಸಿದರು. ಹುಟ್ಟಿದ ಕೂಸಿಗೆ ಜೇನಿನಲ್ಲಿ ಬಜೆ ತೇಯ್ದು ನೆಕ್ಕಿಸಬೇಕೆಂದವರನ್ನೂ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದರು. ಮದ್ಯ ಮಾಂಸ ಮಧುಗಳ ತ್ಯಾಗ ಹುಟ್ಟಿನಿಂದಲೇ ಇರಲಿ ಎಂಬುದು ಅವರ ಕಾರಣ. ಒಂದು ವರ್ಷದೊಳಗಿನ ಶಿಶುವಿಗೆ ಜೇನು ಸಲ್ಲದು, ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನುಂಟುಮಾಡಬಲ್ಲವು ಎಂದು ಆಧುನಿಕ ವೈದ್ಯವೂ ಹೇಳುತ್ತದೆ. ಕಾರಣ ಬೇರೆಯಾದರೂ ಮಗುವಿಗೆ ಲಾಭವೊಂದೇ.

ಹೊಸ ತಾಯಿಯ ದಿನಗಳನ್ನು ಹೊರಗಿನಿಂದ ನೋಡುವವರಿಗೆ ಅದರಲ್ಲಿ ಕೆಲಸವೇ ಇಲ್ಲವೆಂದು ತೋರುತ್ತದೆ. ಮಲಗಿರುತ್ತಾಳೆ, ಕೂಸಿಗೆ ಹಾಲು ಕೊಡುತ್ತಾಳೆ, ಅಷ್ಟೆ. ಈ ಸೊಸೆ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದವಳು, ಲೆಕ್ಕ ಬಲ್ಲವಳು. ಮಾವನವರ ಅಂಗಡಿಯ ಹಳೆಯ ರೋಕಡಿ ಪುಸ್ತಕವೊಂದನ್ನು ತೆಗೆದುಕೊಂಡು ಎಡಬದಿಯ ಜಮೆಯಲ್ಲಿ ಕೂಸು ಹಾಲುಂಡ ಹೊತ್ತನ್ನೂ ಬಲಬದಿಯ ಖರ್ಚಿನಲ್ಲಿ ಒದ್ದೆಯಾದ ಬಟ್ಟೆಯನ್ನೂ ಬರೆದಿಡತೊಡಗಿದಳು. ಎರಡನೆಯ ವಾರದ ಒಂದು ದಿನದ ಪುಟದಲ್ಲಿ ಜಮೆಗೆ 11 ನಮೂದುಗಳಿವೆ. ಅವುಗಳಲ್ಲಿ 4 ನಡುರಾತ್ರಿಯಿಂದ ಬೆಳಗಿನ ಆರರೊಳಗಿನವು. ಒಂದೊಂದಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ಹಾಲುಣಿಸಿ, ಹೆಗಲಿಗೆ ಹಾಕಿ ತೇಗಿಸಿ, ಬಟ್ಟೆ ಬದಲಿಸಿ, ತೊಟ್ಟಿಲಿಗಿಡುವಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ. ಯಾವ ವ್ಯಾಪಾರಿಯೂ ದಿನಕ್ಕೆ 6-7 ಗಂಟೆ, ವಾರದ ರಜೆಯಿಲ್ಲದೆ, ನಡುರಾತ್ರಿಯ ಪಾಳಿಯೂ ಸೇರಿದಂತೆ ಇಂಥ ಗಲ್ಲೆಯ ಮೇಲೆ ಕುಳಿತುಕೊಳ್ಳಲಾರ. ಮೊದಲ ವಾರದಲ್ಲಿ ಮೊಲೆತೊಟ್ಟು ಬಿರಿದು ರಕ್ತ ಬಂದುದನ್ನು ಅವಳು ಪುಸ್ತಕದಲ್ಲಿ ಬರೆಯಲಿಲ್ಲ. ಅದಕ್ಕೆ ಖಾತೆ ಇರಲಿಲ್ಲ.

ತೀರ್ಥಂಕರ ಬಾಲಕರ ಹೆಬ್ಬೆರಳಿನಲ್ಲಿ ಇಂದ್ರನು ಅಮೃತವನ್ನಿರಿಸಿದನೆಂದೂ ಅವರು ಅದನ್ನೇ ಚೀಪಿ ಬೆಳೆದರೆಂದೂ ಪುರಾಣಗಳು ಹೇಳುತ್ತವೆ. ಉಳಿದ ಮಕ್ಕಳ ಅಮೃತವನ್ನು ತಾಯಿಯ ಶರೀರವೇ ಸಿದ್ಧಪಡಿಸಬೇಕು. ಎದೆಹಾಲಿನಲ್ಲಿ ನೂರಕ್ಕೆ 87 ಪಾಲಿಗೂ ಮಿಕ್ಕು ನೀರೇ ಇದೆ. ಆದ್ದರಿಂದಲೇ ಆರು ತಿಂಗಳವರೆಗೆ ಮಗುವಿಗೆ ಬೇಸಿಗೆಯಲ್ಲಿಯೂ ಪ್ರತ್ಯೇಕವಾಗಿ ನೀರು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗೆ ಹಾಲೂಡುವವಳಿಗೆ ಮೊದಲ ಆರು ತಿಂಗಳಲ್ಲಿ ದಿನಕ್ಕೆ ಸುಮಾರು 600 ಕ್ಯಾಲರಿಗಳಷ್ಟು ಹೆಚ್ಚಿನ ಆಹಾರ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಒಂದೆರಡು ಹೊತ್ತು ಊಟ ತಪ್ಪಿದರೆ ಹಾಲು ಬತ್ತಿಹೋಗುವುದಿಲ್ಲ. ಬಂಡವಾಳ ತಾಯಿಯ ಮೈಯಿಂದ ಹೋಗುತ್ತದೆ. ಹಾಲಿನ ಸುಣ್ಣದಂಶಕ್ಕಾಗಿ ಅವಳ ಎಲುಬೇ ಕರಗಿ ಕೊಡುತ್ತದೆ. ಇದು ಮೇಲ್ನೋಟಕ್ಕೆ ಕಾಣದ ಖರ್ಚಾದ್ದರಿಂದ ಮನೆಯವರು ಖರ್ಚೇ ಇಲ್ಲವೆಂದು ತಿಳಿಯುತ್ತಾರೆ.

ಆ ವರ್ಷ ಊರಿನಲ್ಲಿ ಮುನಿಗಳ ಚಾತುರ್ಮಾಸವಿತ್ತು. ಸೂತಕ ಮುಗಿದು ನಲವತ್ತೈದು ದಿನಗಳು ಕಳೆದ ಮೇಲೆ ಮನೆಯಲ್ಲಿ ಚೌಕ ಹಚ್ಚುವುದೆಂದು ನಿಶ್ಚಯವಾಯಿತು. ಸೊಸೆಗೂ ಅಪಾರ ಉತ್ಸಾಹ. ಬೆಳಗಿನ ಐದಕ್ಕೆ ಎದ್ದು ಬಾವಿಯ ನೀರು ತರುವುದು, ಸೋಸುವುದು, ಧಾನ್ಯ ಆರಿಸುವುದು, ಹತ್ತರ ಹೊತ್ತಿಗೆ ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುವುದು. ಇವುಗಳ ನಡುವೆ ಕೂಸಿನ ಹೊತ್ತು ಹಿಂದೆ ಮುಂದೆ ಆಗತೊಡಗಿತು. ಮೂರು ಗಂಟೆಗೊಮ್ಮೆ ಹಾಲು ಕೊಟ್ಟರೆ ಸಾಕು, ಕೂಸಿಗೂ ಶಿಸ್ತು ಬರುತ್ತದೆ ಎಂದು ಬಂಧುಗಳೊಬ್ಬರು ಹೇಳಿದ್ದು ಅನುಕೂಲವಾಗಿ ಕಂಡಿತು. ನಡುವೆ ಅತ್ತರೆ ಕಾಯಿಸಿ ಆರಿಸಿದ ಸಕ್ಕರೆನೀರು. ಇತ್ತ ಸೊಸೆಯು ಸೂರ್ಯಾಸ್ತದ ನಂತರ ನೀರನ್ನೂ ಬಿಟ್ಟಿದ್ದಳು. ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆಂಬ ಹಳೆಯ ನಂಬಿಕೆ ಹಗಲಿನ ನೀರನ್ನೂ ಮೊದಲೇ ಅರ್ಧಕ್ಕಿಳಿಸಿತ್ತು. ರಾತ್ರಿ ಎರಡು ಗಂಟೆಗೆ ಕೂಸು ಹಾಲು ಹೀರತೊಡಗಿದೊಡನೆ ಅವಳ ಗಂಟಲು ಒಣಗುತ್ತಿತ್ತು. ಹಾಲು ಇಳಿಯುವಾಗ ತಾಯಿಗೆ ಬಾಯಾರಿಕೆಯಾಗುವುದು ಸಹಜ. ಅವಳು ಣಮೋಕಾರ ಜಪಿಸುತ್ತ ಬೆಳಗಾಗುವುದನ್ನು ಕಾಯುತ್ತಿದ್ದಳು.

ಚೌಕದ ನಾಲ್ಕನೆಯ ದಿನ ಮುನಿಗಳು ಆ ಓಣಿಗೆ ಬಂದರು. ಪ್ರತಿಗ್ರಹಕ್ಕೆ ಎಲ್ಲರೂ ನಿಂತಿದ್ದರು. ಸೊಸೆ ಕೂಸನ್ನು ಎದೆಯಿಂದ ಬಿಡಿಸಿ ತೊಟ್ಟಿಲಿಗಿಟ್ಟು, ಕೈ ತೊಳೆದು, ಓಡಿಬಂದು ಸಾಲಿನಲ್ಲಿ ನಿಂತಳು. ಒಳಗೆ ಅಳು. ಮುನಿಗಳು ಕ್ಷಣಕಾಲ ನಿಂತು ಮುಂದಿನ ಮನೆಗೆ ನಡೆದರು.

ಅವರು ಮನಸ್ಸಿನಲ್ಲಿ ಯಾವ ವಿಧಿಯನ್ನು ಸಂಕಲ್ಪಿಸಿಕೊಂಡಿದ್ದರೋ ಯಾರೂ ಹೇಳಲಾರರು. ವೃತ್ತಿಪರಿಸಂಖ್ಯಾನವೆಂಬ ತಪದ ಸ್ವರೂಪವೇ ಅದು. ಆದರೆ ಮನೆಯವರಿಗೆ ಕಾರಣ ಬೇಕಾಗಿತ್ತು, ಕಾರಣ ಹುಡುಕುವಾಗ ಮನೆಯ ಅತ್ಯಂತ ಎಳೆಯ ಸೊಸೆಯೇ ಕಣ್ಣಿಗೆ ಬೀಳುವುದು ರೂಢಿ. ಬಾಣಂತಿಯ ಮೈ ಇನ್ನೂ ಶುದ್ಧವಾಗಿರಲಿಕ್ಕಿಲ್ಲ ಎಂದು ಒಬ್ಬರು, ಸೀರೆಗೆ ಹಾಲು ತಾಗಿತ್ತು ಎಂದು ಇನ್ನೊಬ್ಬರು. ಅವಳು ಆ ದಿನ ಊಟ ಬಿಟ್ಟಳು, ಪ್ರಾಯಶ್ಚಿತ್ತವೆಂದು. ಅದೇ ವಾರ ಲಸಿಕೆಗಾಗಿ ಒಯ್ದಾಗ ಮಗುವಿನ ತೂಕ ಹದಿನೈದು ದಿನಗಳಲ್ಲಿ ಕೇವಲ 100 ಗ್ರಾಂ ಏರಿತ್ತು. ಆ ವಯಸ್ಸಿನಲ್ಲಿ ದಿನಕ್ಕೆ 25-30 ಗ್ರಾಂ ಏರಬೇಕು. ಮಕ್ಕಳ ವೈದ್ಯೆ ರೋಕಡಿ ಪುಸ್ತಕವನ್ನು ತಿರುವಿ ನೋಡಿ, ಜಮೆ 11ರಿಂದ 6ಕ್ಕಿಳಿದಿರುವುದನ್ನೂ ಖರ್ಚು 4ಕ್ಕಿಳಿದಿರುವುದನ್ನೂ ಬೆರಳಿಟ್ಟು ತೋರಿಸಿದರು. ಕೂಸು ಹೀರಿದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಹೀರದೆ ಉಳಿದರೆ, ಬೇಡಿಕೆಯಿಲ್ಲವೆಂದು ಶರೀರ ಸರಬರಾಜನ್ನು ಇಳಿಸುತ್ತದೆ. ಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ರಾತ್ರಿಯ ಹೊತ್ತು ಹೆಚ್ಚಾಗಿರುವುದರಿಂದ ರಾತ್ರಿಯ ಹಾಲನ್ನು ತಪ್ಪಿಸಲೇಬಾರದು. ಸಕ್ಕರೆನೀರು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ.

ಅತ್ತೆಯವರು ನೇರವಾಗಿ ಬಸದಿಗೆ ಹೋಗಿ ಅಲ್ಲಿನ ವಯೋವೃದ್ಧ ಪಂಡಿತರನ್ನು ಕಂಡರು. ವೈದ್ಯೆಯ ಮಾತಿಗಿಂತ ಶಾಸ್ತ್ರದ ಮಾತು ಅವರಿಗೆ ಬೇಕಾಗಿತ್ತು. ಇದನ್ನು ಹಗುರವಾಗಿ ಕಾಣಬಾರದು, ಇಂಥವರಿಂದಲೇ ಆಚಾರ ಉಳಿದು ಬಂದಿದೆ. ಪಂಡಿತರು ಮೂಲಾಚಾರದ ಆ ಭಾಗವನ್ನು ತೆಗೆದು ಓದಿ ಅರ್ಥ ಹೇಳಿದರು. “ಮುನಿಗಳು ಏಕೆ ಮುಂದೆ ಹೋದರೆಂದು ನಾನು ಹೇಳಲಾರೆ ತಾಯಿ. ಆದರೆ ಹೋಗದೆ ನಿಮ್ಮ ಮನೆಯಲ್ಲಿ ಆಹಾರ ತೆಗೆದುಕೊಂಡಿದ್ದರೆ ಅದು ದೋಷದ ಆಹಾರವಾಗುತ್ತಿತ್ತು. ಸೊಸೆಯ ಮೈಯಿಂದಲ್ಲ, ಕೂಸಿನ ಹಸಿವಿನಿಂದ.”

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳು ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ಕಿವಿಗೆ ಬೀಳುವಂಥವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದನ್ನು ವಿವರಿಸುವಾಗ ಪ್ರವಚನಕಾರರು ಎತ್ತಿಗೆ ಮೇವು ಹಾಕದಿರುವುದು, ಆಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡದಿರುವುದು ಎಂಬ ಉದಾಹರಣೆಗಳನ್ನು ಕೊಡುತ್ತಾರೆ. ಇಂದು ಹುಬ್ಬಳ್ಳಿಯ ಎಷ್ಟು ಅಂಗಡಿಕಾರರ ಮನೆಯಲ್ಲಿ ಎತ್ತುಗಳಿವೆ? ನಡುಮನೆಯ ಕತ್ತಲ ಕೋಣೆಯಲ್ಲಿ ನೀರಿಗಾಗಿ ಬೆಳಗನ್ನು ಕಾಯುವ ಬಾಣಂತಿ ಇದ್ದಾಳೆ. ಅವಳು ತಾನಾಗಿಯೇ ಬಿಟ್ಟಿದ್ದಾಳೆ ಎಂಬ ಸಮಾಧಾನ ಪೂರ್ತಿ ಸರಿಯಲ್ಲ. ಬಿಟ್ಟವಳನ್ನು ಮೆಚ್ಚಿ, ಕುಡಿದವಳನ್ನು ಕಣ್ಣಂಚಿನಲ್ಲಿ ನೋಡುವ ಮನೆಯಲ್ಲಿ ‘ತಾನಾಗಿಯೇ’ ಎಂಬ ಮಾತಿಗೆ ತೂಕ ಕಡಿಮೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ರಾತ್ರಿ ಅನ್ನ, ಪಾನ, ಖಾದ್ಯ, ಲೇಹ್ಯಗಳ ಪೂರ್ಣತ್ಯಾಗವನ್ನು ಹೇಳುವುದು ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದರಲ್ಲಿ. ಸೊಸೆ ಆ ಪ್ರತಿಮೆಯನ್ನು ಸ್ವೀಕರಿಸಿದವಳಲ್ಲ. ಷೋಡಶಕಾರಣ ಭಾವನೆಗಳಲ್ಲಿಯೂ ತ್ಯಾಗಕ್ಕೆ, ತಪಸ್ಸಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ಮಿತಿ ಸೇರಿದೆ. ಆ ಮಿತಿಯನ್ನು ಸೋಮಾರಿಗಳು ನೆಪವಾಗಿ ಬಳಸುತ್ತಾರೆಂಬುದು ನಿಜ. ಹಾಗೆಂದು ಅದು ಸೂತ್ರದಲ್ಲಿ ಇಲ್ಲವೆಂದಾಗುವುದಿಲ್ಲ.

ಅತ್ತೆಯವರು ಮನೆಗೆ ಬಂದು ಯಾರಿಗೂ ಏನೂ ವಿವರಿಸಲಿಲ್ಲ. ಸಂಜೆ ಕಾಯಿಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ ತುಂಬಿ, ಮುಚ್ಚಿ, ತೊಟ್ಟಿಲ ಪಕ್ಕದಲ್ಲಿಟ್ಟರು. “ಕೂಸು ಹಾಲು ಕುಡಿಯೂವಾಗ ನೀನೂ ನೀರು ಕುಡಿ” ಎಂದಷ್ಟೇ ಹೇಳಿದರು. ಸೊಸೆ ಎರಡು ರಾತ್ರಿ ಆ ತಂಬಿಗೆಯನ್ನು ಮುಟ್ಟಲಿಲ್ಲ. ಮೂರನೆಯ ರಾತ್ರಿ ಅತ್ತೆಯವರು ತಾವೇ ಎದ್ದುಬಂದು ಕುಳಿತರು. ರಾತ್ರಿಯೂಟ ಅವಳಿಗೆ ಬೇಕೆನಿಸಲೂ ಇಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಸಂಜೆ ಐದೂವರೆಯ ಊಟದ ಜೊತೆಗೆ ಒಂದು ಅಂಟಿನ ಉಂಡೆ ಹೆಚ್ಚಾಯಿತು. ಅನಂತ ಚತುರ್ದಶಿಯ ಉಪವಾಸವನ್ನು ಆ ವರ್ಷ ಮಾವನವರು ಮಾಡಿದರು. ಚೌಕದ ಸಾಲಿನಲ್ಲಿ ಅವಳು ನಿಲ್ಲಲಿಲ್ಲ. ಪರ್ವ ಮುಗಿದ ಮೇಲೆ ಒಂದು ದಿನ ಮುನಿಗಳ ಆಹಾರ ಆ ಮನೆಯಲ್ಲಿ ನಿರಂತರಾಯವಾಗಿ ನಡೆದಾಗ ಅವಳು ಒಳಕೋಣೆಯಲ್ಲಿ ಕೂಸಿಗೆ ಹಾಲು ಕೊಡುತ್ತಿದ್ದಳು. ಬಾಗಿಲಲ್ಲಿ ನಿಂತವರಿಗೆ ದೊರೆತ ಪುಣ್ಯದಲ್ಲಿ ಅವಳ ಪಾಲು ಕಡಿಮೆಯೆಂದು ಹೇಳಲು ಯಾವ ಗ್ರಂಥದ ಆಧಾರವೂ ಕಾಣಬರುವುದಿಲ್ಲ. ಮುಂದಿನ ತೂಕದಲ್ಲಿ 430 ಗ್ರಾಂ ಏರಿತ್ತು.

ರಾತ್ರಿ ಹಾಲುಣ್ಣುವ ಕೂಸಿಗೆ ರಾತ್ರಿಭೋಜನದ ದೋಷವುಂಟೇ ಎಂದು ಕೇಳುವವರಿದ್ದಾರೆ. ಎಂಟು ವರ್ಷ ತುಂಬುವವರೆಗೆ ವ್ರತಗ್ರಹಣದ ಯೋಗ್ಯತೆಯೇ ಇಲ್ಲವೆಂದು ಆಗಮವು ಹೇಳಿರುವಾಗ ಈ ಪ್ರಶ್ನೆಯನ್ನು ಮುಂದುವರಿಸುವ ಅಗತ್ಯವಿಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಹೇಳುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಅನ್ನಪ್ರಾಶನವು ಜನನದ ಎಷ್ಟೋ ತಿಂಗಳ ಅನಂತರ ಬರುವ ಪ್ರತ್ಯೇಕ ಕ್ರಿಯೆ. ಅಲ್ಲಿಯವರೆಗೆ ಶಿಶುವಿಗೆ ಹಾಲೇ ಹಗಲು, ಹಾಲೇ ರಾತ್ರಿ.

ನಿಜವಾಗಿ ಕಠಿಣವಾದ ಪ್ರಶ್ನೆ ಎದ್ದದ್ದು ರಜೆ ಮುಗಿದಾಗ. 2017ರ ತಿದ್ದುಪಡಿಯಿಂದ ದೊರೆತ 26 ವಾರಗಳ ಹೆರಿಗೆ ರಜೆ ಪುಷ್ಯದಲ್ಲಿ ತೀರಿತು. ಹಾಲನ್ನು ಹಿಂಡಿಟ್ಟು ಹೋದರೆ ಸಾಧಾರಣ ಉಷ್ಣತೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನಗಳವರೆಗೆ ಕೆಡುವುದಿಲ್ಲವೆಂದು ವೈದ್ಯೆ ಹೇಳಿದರು. ಕುದಿಸಬಾರದು, ಕುದಿಸಿದರೆ ಅದರ ರೋಗನಿರೋಧಕ ಗುಣ ಕುಂದುತ್ತದೆ. ಹಾಲನ್ನು ಕರೆದ 48 ನಿಮಿಷಗಳೊಳಗೆ ಸೋಸಿ ಕಾಯಿಸದಿದ್ದರೆ ಅದರಲ್ಲಿ ಜೀವೋತ್ಪತ್ತಿಯಾಗುತ್ತದೆಂಬ ಮರ್ಯಾದೆಯನ್ನು ಜೀವನವಿಡೀ ಪಾಲಿಸಿದ ಅತ್ತೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಪಂಡಿತರೂ ಈ ಬಾರಿ ಗ್ರಂಥ ತೆಗೆಯಲಿಲ್ಲ. ಆ ಮರ್ಯಾದೆ ದೊಡ್ಡವರು ತಮಗಾಗಿ ಕರೆದುಕೊಳ್ಳುವ ಹಸುವಿನ ಹಾಲಿಗೆ ಹೇಳಿದ್ದು, ತಾಯಿಯ ಹಾಲಿನ ವಿಷಯವಾಗಿ ಹಿಂದಿನವರಿಗೆ ಈ ಸಂದರ್ಭವೇ ಒದಗಿರಲಿಲ್ಲ, ಆದ್ದರಿಂದ ನಿಮಗೆ ಮನಸ್ಸು ಒಪ್ಪುವಂತೆ ಮಾಡಿ, ಆದರೆ ಕೂಸು ಹಸಿಯಬಾರದು ಎಂದರು.

ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ತಾಯಿಗೆ ಹಾಲೂಡಲು ದಿನಕ್ಕೆ ಎರಡು ವಿರಾಮಗಳನ್ನು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ವಿಧಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಉಳಿದಿದೆ. ಬ್ಯಾಂಕಿನಲ್ಲಿ ಇದನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಸೊಸೆ ಕೇಳಿದಳು. ಹಳೆಯ ಕಡತಗಳನ್ನಿಡುವ ಕೋಣೆಯಲ್ಲಿ ಒಂದು ಕುರ್ಚಿ, ಬಾಗಿಲಿಗೊಂದು ಅಗಳಿ ದೊರೆಯಿತು. ಈಗ ದಿನವೂ ಹನ್ನೊಂದೂವರೆಗೆ ಮತ್ತು ಮೂರೂವರೆಗೆ ಅತ್ತೆಯವರು ಮೊಮ್ಮಗಳನ್ನೆತ್ತಿಕೊಂಡು ಆಟೋರಿಕ್ಷಾದಲ್ಲಿ ಬ್ಯಾಂಕಿಗೆ ಹೋಗಿ ಬರುತ್ತಾರೆ. ಸೋಮವಾರದಂಥ ಗದ್ದಲದ ದಿನಗಳಲ್ಲಿ ಎರಡನೆಯ ಬಿಡುವು ತಪ್ಪುವುದುಂಟು. ಆಗ ಫ್ರಿಜ್ಜಿನಲ್ಲಿಟ್ಟ ಹಾಲನ್ನು ಅತ್ತೆಯವರು ಮುಟ್ಟುವುದಿಲ್ಲ; ಮಾವನವರು ಅಂಗಡಿಯಿಂದ ಬಂದು ಅದನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲಿ ಕುಡಿಸಿ, ರೋಕಡಿಯಲ್ಲಿ ಬರೆದು ಹೋಗುತ್ತಾರೆ.